ಮಿರ್ಜಾ ಸಾಹೇಬರ ಕಾರ್ಖಾನೆಗಳು, ನಮ್ಮ ಮನೆಗಳು

ಹುಣಸೂರು ತಾಲ್ಲೂಕಿನ ಗುರುಪುರ ನನ್ನ ಊರು. ನಮ್ಮ ತಾತನವರು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದಾಗ, ಬೆಂಗಳೂರಿನ ಒಂದು ಕಾರ್ಖಾನೆಗೆ ಕೆಲಸಕ್ಕೆ ಹೋಗಿದ್ದರು. ರಾಗಿ, ಹುರುಳಿ ಬೆಳೆದು ಬದುಕುತ್ತಿದ್ದ ನಮ್ಮ ಮನೆತನದಲ್ಲಿ ತಿಂಗಳ ಸಂಬಳದ ಮುಖ ಕಂಡ ಮೊದಲಿಗರು ಅವರೇ. ಕೆಲಸದ ವಿಚಾರ ಹೇಳುವಾಗ ಅವರ ಮುಖ ಅರಳುತ್ತಿತ್ತು. ವಸತಿಯ ಮಾತು ಬಂದರೆ ಮೌನ ತಾಳುತ್ತಿದ್ದರು. ಒಂದೇ ಕೋಣೆಯಲ್ಲಿ ಆರು ಮಂದಿ. ರಾತ್ರಿ ಪಾಳಿಯವರು ಎದ್ದುಹೋದ ಚಾಪೆಯ ಮೇಲೆ ಹಗಲು ಪಾಳಿಯವರು ಬಂದು ಮಲಗುವುದು. ನೀರಿಗೆ ಬೀದಿಯ ನಲ್ಲಿ. ಮದುವೆಯಾದ ಮೇಲೆ ಅಜ್ಜಿಯನ್ನು ಕರೆದೊಯ್ಯಲು ಒಂದು ಮನೆ ದೊರೆಯದೆ, ಯುದ್ಧ ಮುಗಿಯುವ ಮುನ್ನವೇ ಅವರು ಊರಿಗೆ ಹಿಂತಿರುಗಿದರು. ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ಅವರ ಬೆಂಗಳೂರಿನ ವೃತ್ತಾಂತವೆಲ್ಲ ಇಷ್ಟೇ.

ಇಷ್ಟಾದರೂ ತಾತನವರು ಒಬ್ಬರ ಹೆಸರನ್ನು ಹೇಳುವಾಗ ಮಾತ್ರ ಕುಳಿತಲ್ಲೇ ಸ್ವಲ್ಪ ನೆಟ್ಟಗಾಗುತ್ತಿದ್ದರು. ಅವರು ದಿವಾನ್ ಮಿರ್ಜಾ ಸಾಹೇಬರು. ಹಳ್ಳಿಯ ಹುಡುಗರಿಗೆ ಕಾರ್ಖಾನೆಯ ಬಾಗಿಲು ತೆರೆದವರು ಮಿರ್ಜಾ ಸಾಹೇಬರೆಂಬುದು ತಾತನ ದೃಢವಾದ ನಂಬಿಕೆ. ಕೆಲಸವಿದ್ದ ಕಡೆ ಮನೆ ಏಕೆ ಇರಲಿಲ್ಲವೆಂಬುದನ್ನು ಅವರು ಯಾರನ್ನೂ ಕೇಳಲಿಲ್ಲ. ಆ ಪ್ರಶ್ನೆ ನನ್ನ ಪಾಲಿಗೆ ಉಳಿದು ಬಂದಿದೆ. ಸರ್ ಮಿರ್ಜಾ ಇಸ್ಮಾಯಿಲರ ಜೀವನವನ್ನು ನಾನು ಓದತೊಡಗಿದ್ದು ಈ ಒಂದು ಪ್ರಶ್ನೆಯ ಬೆನ್ನು ಹಿಡಿದು. ಓದುತ್ತ ಹೋದಂತೆ, ಪ್ರಶ್ನೆಗೆ ಉತ್ತರವೂ ಉತ್ತರಕ್ಕೆ ಅಪವಾದವೂ ಆ ಒಬ್ಬರ ಬಾಳಿನಲ್ಲೇ ಇರುವುದನ್ನು ಕಂಡು ಬೆರಗಾದೆನು.

ಮಿರ್ಜಾ ಇಸ್ಮಾಯಿಲರು ಹುಟ್ಟಿದ್ದು ಬೆಂಗಳೂರಿನಲ್ಲಿ, 1883ರ ಅಕ್ಟೋಬರ್ ತಿಂಗಳಲ್ಲಿ. ಅವರ ಅಜ್ಜ ಅಲಿ ಅಸ್ಕರ್ ಶಿರಾಜಿಯವರು ಪರ್ಷಿಯಾ ದೇಶದಿಂದ ಕುದುರೆಗಳ ವ್ಯಾಪಾರಕ್ಕಾಗಿ ಬಂದು ಬೆಂಗಳೂರಿನಲ್ಲಿ ನೆಲೆಸಿದವರು. ಕುದುರೆ ಮಾರಿ ಗಳಿಸಿದ ಹಣವನ್ನು ಅವರು ಬಂಗಲೆಗಳನ್ನು ಕಟ್ಟಿಸುವುದರಲ್ಲಿ ತೊಡಗಿಸಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಮನೆ ಕಟ್ಟಿಸುವ ಹವ್ಯಾಸ ಮೊಮ್ಮಗನ ರಕ್ತದಲ್ಲಿಯೇ ಬಂದಿತೆಂದರೆ ತಪ್ಪಾಗಲಾರದು.

ಬಾಲಕ ಮಿರ್ಜಾಗೆ ದೊರೆತ ದೊಡ್ಡ ಭಾಗ್ಯ ಮೈಸೂರಿನ ಅರಮನೆಯ ಶಾಲೆ. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ, ಸ್ಟುವರ್ಟ್ ಫ್ರೇಸರ್ ಎಂಬ ಆಂಗ್ಲ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಅವರು ಓದಿದರು. ಅರಸನೂ ಪ್ರಜೆಯೂ ಒಂದೇ ಬೆಂಚಿನ ಮೇಲೆ ಕುಳಿತು ಬೆಳೆಸಿದ ಆ ಸ್ನೇಹ ಮುಂದೆ ನಾಲ್ಕು ದಶಕಗಳ ಕಾಲ ಸಂಸ್ಥಾನದ ಆಡಳಿತಕ್ಕೆ ಆಧಾರವಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, 1905ರಲ್ಲಿ ಪೊಲೀಸ್ ಇಲಾಖೆಯಲ್ಲಿ ಸೇವೆಗೆ ಸೇರಿದರು. ಅಲ್ಲಿಂದ ಬೇಗನೆ ಮಹಾರಾಜರ ಸನ್ನಿಧಿಗೆ ಬಂದು ಹುಜೂರ್ ಕಾರ್ಯದರ್ಶಿಗಳಾದರು, ಆಮೇಲೆ ಖಾಸಗಿ ಕಾರ್ಯದರ್ಶಿಗಳಾದರು. 1926ರ ಮೇ ತಿಂಗಳಲ್ಲಿ ದಿವಾನಗಿರಿ ಅವರ ಕೈಸೇರಿತು. ಆಗ ಅವರಿಗೆ ನಲವತ್ತೆರಡು ವಯಸ್ಸು. 1941ರವರೆಗೆ ಹದಿನೈದು ವರ್ಷ ಆ ಪದವಿಯಲ್ಲಿದ್ದರು.

ಅವರು ಅಧಿಕಾರ ವಹಿಸಿಕೊಂಡಾಗ ಮೈಸೂರು ಸಂಸ್ಥಾನಕ್ಕೆ ಕೈಗಾರಿಕೆ ಹೊಸದೇನೂ ಆಗಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಬಿತ್ತಿದ ಬೀಜಗಳು ಮೊಳೆತಿದ್ದವು. ಗಂಧದೆಣ್ಣೆ, ಸಾಬೂನು ಕಾರ್ಖಾನೆಗಳು ನಡೆಯುತ್ತಿದ್ದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಆರಂಭವಾಗಿ, ಮೊದಲ ವರ್ಷಗಳ ನಷ್ಟದಲ್ಲಿ ತೊಳಲಾಡುತ್ತಿತ್ತು. ಅದನ್ನು ಮುಚ್ಚಿಬಿಡುವುದು ಒಳ್ಳೆಯದೆಂಬ ಅಭಿಪ್ರಾಯವೂ ಇದ್ದಿತು. ಮಿರ್ಜಾ ಸಾಹೇಬರು ಅದನ್ನು ಮುಚ್ಚಲಿಲ್ಲ. ಕಬ್ಬಿಣದ ಜೊತೆಗೆ 1936ರಲ್ಲಿ ಉಕ್ಕು, 1938ರಲ್ಲಿ ಸಿಮೆಂಟು ಸೇರಿದವು. 1936ರಲ್ಲಿಯೇ ಅಲ್ಲಿ ಕಾಗದದ ಕಂಪನಿಯೂ ಸ್ಥಾಪಿತವಾಯಿತು. ಕಾಡಿನ ಬಿದಿರು ಹತ್ತಿರ, ಭದ್ರಾ ನದಿಯ ನೀರು ಹತ್ತಿರ, ರೈಲುಮಾರ್ಗ ಹತ್ತಿರ. ಹೀಗೆ ಒಂದು ಸಣ್ಣ ಊರು ನಾಲ್ಕು ದೊಡ್ಡ ಸರಕುಗಳ ತವರಾಯಿತು.

ಮಿರ್ಜಾ ಸಾಹೇಬರ ಕಾಲದ ಕಾರ್ಖಾನೆಗಳನ್ನು ಒಮ್ಮೆ ಭೂಪಟದ ಮೇಲೆ ಗುರುತಿಸಿ ನೋಡಬೇಕು. ನನ್ನ ವಿದ್ಯಾರ್ಥಿಗಳಿಗೆ ನಾನು ಹಾಗೆಯೇ ಮಾಡಿಸುತ್ತೇನೆ. ಸಕ್ಕರೆಗೆ ಮಂಡ್ಯ, ಕಾಗದಕ್ಕೂ ಉಕ್ಕಿಗೂ ಭದ್ರಾವತಿ, ರಸಗೊಬ್ಬರಕ್ಕೆ ಕೃಷ್ಣರಾಜಸಾಗರದ ಮಗ್ಗುಲಿನ ಬೆಳಗೊಳ, ವಿದ್ಯುದ್ದೀಪ ಮತ್ತು ಪಿಂಗಾಣಿಗೆ ಬೆಂಗಳೂರು. ಎಲ್ಲವನ್ನೂ ರಾಜಧಾನಿಯಲ್ಲೇ ಗುಡ್ಡೆಹಾಕುವುದು ಅಧಿಕಾರಿಗಳಿಗೆ ಅನುಕೂಲವಾಗಿತ್ತು. ಬಂಡವಾಳಗಾರರಿಗೂ ಅದೇ ಇಷ್ಟ. ಆದರೆ ಕಚ್ಚಾಸಾಮಗ್ರಿ, ನೀರು, ವಿದ್ಯುತ್ತು ಎಲ್ಲಿದ್ದವೋ ಅಲ್ಲಿಗೆ ಕಾರ್ಖಾನೆ ಹೋಗಬೇಕೆಂಬ ಒಂದು ವಿವೇಕ ಆ ಹಂಚಿಕೆಯಲ್ಲಿ ಕಾಣುತ್ತದೆ. ಕಾರ್ಖಾನೆ ಹಳ್ಳಿಯ ಸಮೀಪಕ್ಕೆ ಬಂದರೆ ಹಳ್ಳಿಯವನು ಮನೆ ಬಿಡಬೇಕಾಗಿಲ್ಲ. ವಸತಿಯ ಸಮಸ್ಯೆಯನ್ನು ಬಿಡಿಸುವ ಬಹು ಸುಲಭವಾದ ದಾರಿಯೆಂದರೆ ಅದು ಹುಟ್ಟದಂತೆ ನೋಡಿಕೊಳ್ಳುವುದೇ ಅಲ್ಲವೆ?

ಮಂಡ್ಯದ ನಿದರ್ಶನ ಇದಕ್ಕೆ ಸಾಕು. ಕನ್ನಂಬಾಡಿಯ ಕಟ್ಟೆಯಿಂದ ಹೊರಟ ನಾಲೆ, ಅಂದು ಇರ್ವಿನ್ ನಾಲೆ, ಇಂದು ವಿಶ್ವೇಶ್ವರಯ್ಯ ನಾಲೆ, ಬೆಂಗಾಡಾಗಿದ್ದ ಸೀಮೆಗೆ ನೀರು ತಂದಿತು. ನೀರು ಬಂದ ಮೇಲೆ ಏನು ಬೆಳೆಯಬೇಕು, ಬೆಳೆದದ್ದನ್ನು ಯಾರು ಕೊಳ್ಳಬೇಕು ಎಂಬ ಚಿಂತೆ ಹುಟ್ಟಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ನರು ಕಬ್ಬಿನ ಕಡೆಗೆ ಕೈತೋರಿಸಿದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ರೈತ ತನ್ನ ಹೊಲದ ಬದುವಿನಿಂದಲೇ ಗಾಡಿ ಹೂಡಿಕೊಂಡು ಕಬ್ಬನ್ನು ಕಾರ್ಖಾನೆಗೆ ಒಯ್ದನು. ಅವನ ತಮ್ಮನೋ ಮಗನೋ ಅದೇ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡಿ, ಸಂಜೆ ತನ್ನ ಮನೆಯಲ್ಲೇ ಮುದ್ದೆ ಉಂಡನು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಎಲ್ಲವೂ ನಯವಾಗಿ ನಡೆಯಿತೆಂದು ಹೇಳಲಾಗದು. ನಾಲೆಯ ಬಯಲಿನ ರೈತರು ಕರಭಾರವನ್ನು ವಿರೋಧಿಸಿ ಚಳವಳಿ ಹೂಡಿದ್ದುಂಟು. ಆದರೂ ಒಂದು ಸೀಮೆಯ ಜನ ತಮ್ಮ ನೆಲವನ್ನು ಬಿಡದೆ ಕೈಗಾರಿಕೆಯ ಯುಗವನ್ನು ಪ್ರವೇಶಿಸಿದ್ದು ನಮ್ಮ ನಾಡಿನ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ದಿವಾನರ ಇನ್ನೊಂದು ಮುಖವನ್ನು ಕುರಿತು ಹಳಬರು ಇಂದಿಗೂ ಕಥೆಗಳನ್ನು ಹೇಳುತ್ತಾರೆ. ಬೆಳಗಾಗುತ್ತಿದ್ದಂತೆಯೇ ಅವರು ನಗರ ಸಂಚಾರಕ್ಕೆ ಹೊರಡುವರು. ಒಡೆದ ಚರಂಡಿ, ಮಾಸಿದ ಗೋಡೆ, ಬಾಡಿದ ಗಿಡ ಯಾವುದೂ ಅವರ ಕಣ್ಣಿಗೆ ತಪ್ಪುತ್ತಿರಲಿಲ್ಲ. ಮಧ್ಯಾಹ್ನದೊಳಗೆ ಸಂಬಂಧಪಟ್ಟ ಇಂಜಿನಿಯರರಿಗೆ ಚೀಟಿ ತಲಪುವುದು. ರಸ್ತೆ ಕೂಡುವಲ್ಲಿ ಹೂವಿನ ವೃತ್ತ, ಬೀದಿಯ ಬದಿಗೆ ಅಂದವಾದ ದೀಪದ ಕಂಬ, ಕಟ್ಟೆಯ ಕೆಳಗೆ ಬೃಂದಾವನದ ಕಾರಂಜಿ, ಬೆಂಗಳೂರಿಗೆ 1935ರ ಪುರಭವನ, ಇವೆಲ್ಲ ಅವರ ದಿವಾನಗಿರಿಯ ಕಾಲದ ಕೊಡುಗೆಗಳು. ಇದು ಬರಿಯ ಶೋಕಿಯೆಂದು ಆಡಿಕೊಂಡವರು ಅಂದೂ ಇದ್ದರು. ಕೇರಿಗಳು ಕತ್ತಲೆಯಲ್ಲಿರುವಾಗ ರಾಜಬೀದಿಗೆ ಅಲಂಕಾರವೇಕೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಊರು ಅಂದವಾಗಿದ್ದರೆ ಅಲ್ಲಿ ಬಾಳುವವರ ಮನಸ್ಸೂ ಹಸನಾಗುವುದೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಬಡವನು ತನ್ನ ಮನೆಯೊಳಗೆ ಕಾಣದ ಚೆಲುವನ್ನು ಉದ್ಯಾನದಲ್ಲಾದರೂ ಕಾಣಲೆಂಬ ಆಸೆ ಅದರಲ್ಲಿದ್ದಿರಬಹುದು. ಉದ್ಯಾನ ಮನೆಯಾಗದು ಎಂಬುದು ಮಾತ್ರ ನಿಜ.

ಈಗ ನನ್ನ ಪ್ರಶ್ನೆಯ ಕಠಿಣವಾದ ಭಾಗಕ್ಕೆ ಬರುತ್ತೇನೆ. ಜಗತ್ತು ಯುದ್ಧದ ಬೆಂಕಿಯಲ್ಲಿ ಬೇಯುತ್ತಿದ್ದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿತವಾಯಿತು. ವಾಲ್‌ಚಂದ್ ಹೀರಾಚಂದರ ಸಾಹಸಕ್ಕೆ ಮೈಸೂರು ಸರ್ಕಾರ ನೆಲವನ್ನೂ 25 ಲಕ್ಷ ರೂಪಾಯಿಗಳ ಬಂಡವಾಳವನ್ನೂ ಕೊಟ್ಟಿತು. ಬೇರೆ ಪ್ರಾಂತಗಳು ಅನುಮಾನಿಸುತ್ತ ಕುಳಿತಿದ್ದಾಗ ದಿವಾನರು ತೋರಿದ ಚುರುಕು ಮೆಚ್ಚತಕ್ಕದ್ದು. ಭಾರತದಲ್ಲಿ ವಿಮಾನದ ಕೈಗಾರಿಕೆ ನೆಲೆಗೊಂಡಿದ್ದು ಆ ಒಂದು ನಿರ್ಧಾರದಿಂದ. ಆದರೆ ಸಕ್ಕರೆಯನ್ನು ಮಂಡ್ಯಕ್ಕೂ ಕಾಗದವನ್ನು ಭದ್ರಾವತಿಗೂ ಕಳುಹಿಸಿದ ಕೈ, ಎಲ್ಲಕ್ಕಿಂತ ಹೆಚ್ಚು ಜನರನ್ನು ಸೆಳೆಯುವ ಕಾರ್ಖಾನೆಯನ್ನು ರಾಜ್ಯದ ಅತಿ ದೊಡ್ಡ ನಗರದ ಅಂಚಿನಲ್ಲಿಯೇ ಇಟ್ಟಿತು. ಕಾರಣಗಳು ಇರಲಿಲ್ಲವೆಂದಲ್ಲ. ವಿಮಾನಕ್ಕೆ ಬೇಕಾದ್ದು ಬಿದಿರೂ ಅಲ್ಲ, ಕಬ್ಬೂ ಅಲ್ಲ. ನುರಿತ ಕೈಗಳು, ವಿಜ್ಞಾನಮಂದಿರ, ವಿದ್ಯುತ್ತು, ಒಳ್ಳೆಯ ಹವೆ. ಇವೆಲ್ಲ ಬೆಂಗಳೂರಿನಲ್ಲಿದ್ದವು. ಇಲ್ಲದಿದ್ದದ್ದು ಬರಲಿರುವವರಿಗೆ ಮನೆ.

ಇನ್ನೊಂದು ತೊಡಕೂ ಇದ್ದಿತು. ಅಂದಿನ ಬೆಂಗಳೂರು ಒಂದು ಊರಲ್ಲ, ಎರಡು. ಪೇಟೆಯ ಭಾಗ ಮೈಸೂರು ಸರ್ಕಾರದ್ದು. ದಂಡುಪ್ರದೇಶ ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೆ ಸೇರಿದ್ದು. ಹೊಸ ಕಾರ್ಖಾನೆ ನಿಂತಿದ್ದು ದಂಡುಪ್ರದೇಶದಿಂದಲೂ ಆಚೆ, ಪೂರ್ವದಲ್ಲಿ. ಇಡೀ ನಗರವನ್ನು ಒಂದೇ ನೋಟದಿಂದ ಕಂಡು, ಇಲ್ಲಿ ಕೆಲಸ, ಅಲ್ಲಿ ಮನೆ, ನಡುವೆ ದಾರಿ ಎಂದು ಗೆರೆ ಎಳೆಯುವ ಅಧಿಕಾರ ಯಾರೊಬ್ಬರ ಕೈಯಲ್ಲೂ ಇರಲಿಲ್ಲ. ವಿಚಿತ್ರವೆಂದರೆ ಮೈಸೂರು ನಗರಕ್ಕೆ ಅಂತಹ ಮಂಡಳಿ 1903ರಲ್ಲಿಯೇ ಹುಟ್ಟಿದ್ದಿತು. ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯೆಂಬ ಆ ಸಂಸ್ಥೆ ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ, ಗಾಳಿ ಬೆಳಕು ಬರುವ ಬಡಾವಣೆಗಳನ್ನು ರಚಿಸಿತು. ಬೆಂಗಳೂರಿನಲ್ಲೂ 1898ರ ಪ್ಲೇಗಿನ ಸುಮಾರಿಗೆ ಬಸವನಗುಡಿ, ಮಲ್ಲೇಶ್ವರದಂತಹ ಬಡಾವಣೆಗಳು ಎದ್ದಿದ್ದವು. ಆದರೆ ಮೈಸೂರಿನ ಮಾದರಿಯ ಮಂಡಳಿ ಬೆಂಗಳೂರಿಗೆ ಬಂದದ್ದು 1945ರಲ್ಲಿ. ಜಯನಗರದ ಬಡಾವಣೆಗೆ ತಳಪಾಯ ಬಿದ್ದದ್ದು 1948ರಲ್ಲಿ. ಕಾರ್ಖಾನೆ ಮೊದಲು ಬಂದಿತು, ಮಂಡಳಿ ನಡುವೆ ಬಂದಿತು, ಮನೆ ಕೊನೆಗೆ ಬಂದಿತು. ನಮ್ಮ ತಾತನವರು ಊರಿಗೆ ಹಿಂತಿರುಗಿದ್ದು ಈ ಮೂರರ ನಡುವಣ ಬಿರುಕಿನಲ್ಲಿ.

ಆ ಬಿರುಕು ಎಷ್ಟು ಅಗಲವಾಗಿತ್ತೆಂಬುದನ್ನು ಜನಗಣತಿಯ ಅಂಕಿಗಳು ಹೇಳುತ್ತವೆ. ಪೇಟೆ, ದಂಡು ಎರಡೂ ಸೇರಿ 1941ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 4 ಲಕ್ಷ 7 ಸಾವಿರ. 1951ರ ಗಣತಿಯ ಹೊತ್ತಿಗೆ ಅದು ಸುಮಾರು 7 ಲಕ್ಷ 79 ಸಾವಿರಕ್ಕೆ ಏರಿತ್ತು. ಹತ್ತು ವರ್ಷಗಳಲ್ಲಿ ಒಂದು ನಗರದ ಮೇಲೆ ಹೆಚ್ಚುಕಡಮೆ ಇನ್ನೊಂದು ನಗರ ಬಂದು ಕುಳಿತಂತಾಯಿತು. ಇದಕ್ಕೆಲ್ಲ ಮಿರ್ಜಾ ಸಾಹೇಬರೊಬ್ಬರನ್ನೇ ಹೊಣೆ ಮಾಡುವುದು ಅನ್ಯಾಯ. ಯುದ್ಧ ಬಂದಿತು, ಸೈನ್ಯ ಬಂದಿತು, ಸ್ವಾತಂತ್ರ್ಯ ಬಂದಿತು. ಅಲ್ಲದೆ 1941ರಲ್ಲಿಯೇ, ಕಾರ್ಖಾನೆಯ ಮೊದಲ ವಿಮಾನ ಆಕಾಶಕ್ಕೆ ಏರುವ ಮುನ್ನವೇ, ಅವರು ದಿವಾನಗಿರಿಯಿಂದ ಇಳಿದಿದ್ದರು. ಗೆಳೆಯ ನಾಲ್ವಡಿಯವರು 1940ರ ಆಗಸ್ಟಿನಲ್ಲಿ ತೀರಿಕೊಂಡಿದ್ದರು. ಹೊಸ ಅರಸರ ಕಾಲದಲ್ಲಿ ಹಳೆಯ ದಿವಾನರಿಗೆ ನೆಲೆ ತಪ್ಪಿತು.

ಜನರನ್ನು ಕೇಳಿ ಮಾಡುವುದು ಅವರ ಆಡಳಿತದ ರೀತಿಯಾಗಿರಲಿಲ್ಲ ಎಂಬುದನ್ನೂ ಹೇಳದಿದ್ದರೆ ಈ ಚಿತ್ರ ಪೂರ್ಣವಾಗದು. ಜವಾಬ್ದಾರಿ ಸರ್ಕಾರ ಬೇಕೆಂಬ ಕೂಗು ಸಂಸ್ಥಾನದಲ್ಲೆಲ್ಲ ಎದ್ದಾಗ ಅವರು ಅದಕ್ಕೆ ಬೇಗ ಓಗೊಡಲಿಲ್ಲ. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ನಡೆದ ಗೋಲೀಬಾರು ಅವರ ಕಾಲದ ಮೇಲಿನ ಮಾಯದ ಕಲೆ. ತಾವೇ ಎಲ್ಲವನ್ನೂ ಕಂಡು, ತಾವೇ ಸರಿಪಡಿಸಬಲ್ಲೆವೆಂಬ ದೃಢವಾದ ನಂಬಿಕೆ ಅವರದು. ಒಡೆದ ಚರಂಡಿಯ ಮಟ್ಟಿಗೆ ಅದು ಸಾಕು. ಆದರೆ ಕೂಲಿಕಾರನ ಬಾಡಿಗೆಯ ಕೋಣೆ ಮುಂಜಾನೆಯ ಸಂಚಾರದಲ್ಲಿ ಕಣ್ಣಿಗೆ ಬೀಳುವಂಥದಲ್ಲ. ಅದನ್ನು ಅವನೇ ಬಂದು ಹೇಳಬೇಕು. ಹೇಳಲು ಅವನಿಗೊಂದು ಸಭೆ ಬೇಕು, ಕೇಳುವ ಕಿವಿ ಬೇಕು.

ಮೈಸೂರನ್ನು ಬಿಟ್ಟ ಮಿರ್ಜಾ ಸಾಹೇಬರು 1942ರಲ್ಲಿ ಜಯಪುರದ ಪ್ರಧಾನಮಂತ್ರಿಗಳಾದರು. ಮೈಸೂರಿನಲ್ಲಿ ಅರ್ಧಕ್ಕೆ ನಿಂತ ಪಾಠವನ್ನು ಅಲ್ಲಿ ಮುಂದುವರಿಸಿದರೇನೋ ಎಂದು ನನಗೆ ಅನ್ನಿಸುತ್ತದೆ. ಕೋಟೆಯ ಗೋಡೆಗಳೊಳಗೆ ಕಿಕ್ಕಿರಿದಿದ್ದ ಆ ಹಳೆಯ ನಗರದ ಹೊರಗೆ, ದಕ್ಷಿಣದ ಬಯಲಿನಲ್ಲಿ, ವಸತಿಯ ಬಡಾವಣೆಗಳನ್ನು ಯೋಜಿಸಿ, ಅಕ್ಷರಗಳಿಂದಲೇ ಅವಕ್ಕೆ ಹೆಸರಿಟ್ಟರು. ಸಿ ಸ್ಕೀಮ್ ಎಂಬ ಹೆಸರು ಅಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಲ್ಲಿಯ ಮುಖ್ಯ ಬೀದಿ ಮಿರ್ಜಾ ಇಸ್ಮಾಯಿಲ್ ರಸ್ತೆಯೆಂದೇ ಪ್ರಸಿದ್ಧ. ಆ ಬಳಿಕ 1946ರಲ್ಲಿ ಹೈದರಾಬಾದಿಗೆ ಹೋಗಿ, ಅಲ್ಲಿಯ ರಾಜಕೀಯದ ಬಿರುಗಾಳಿಯಲ್ಲಿ ಒಂದು ವರ್ಷವೂ ನಿಲ್ಲಲಾರದೆ ಹಿಂತಿರುಗಿದರು. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಪ್ರಕಟಿಸಿ, 1959ರ ಜನವರಿ 5ರಂದು, ಹುಟ್ಟಿದ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು. ಆ ವೇಳೆಗೆ ಬೆಂಗಳೂರಿಗೆ ದೂರವಾಣಿಯ, ಯಂತ್ರೋಪಕರಣಗಳ, ಎಲೆಕ್ಟ್ರಾನಿಕ್ಸಿನ ಸರ್ಕಾರಿ ಕಾರ್ಖಾನೆಗಳು ಬಂದಿದ್ದವು. ದೂರವಾಣಿನಗರ, ಜಾಲಹಳ್ಳಿಗಳಲ್ಲಿ ಆ ಕಾರ್ಖಾನೆಗಳೇ ತಮ್ಮ ನೌಕರರಿಗಾಗಿ ಮನೆ, ಶಾಲೆ, ಆಸ್ಪತ್ರೆಗಳನ್ನು ಕಟ್ಟಿಸಿದವು. ಕೆಲಸದ ಬೆನ್ನಿಗೇ ಮನೆ ಬರಬೇಕೆಂಬುದನ್ನು ನಾಡು ತಡವಾಗಿಯಾದರೂ ಕಲಿತಿತು.

ಕಲಿತದ್ದರಲ್ಲೂ ಒಂದು ಅಪಾಯ ಅಡಗಿದೆ. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ಪೇಪರ್ ಟೌನ್ ಎಂದೇ ಹೆಸರು. ಸಾಲು ಮನೆಗಳು, ಮರಗಳ ನೆರಳು, ಆಟದ ಬಯಲು. 2015ರ ಹೊತ್ತಿಗೆ ಕಾರ್ಖಾನೆಯ ಉತ್ಪಾದನೆ ನಿಂತಿತು. ಅಂದು ನಮ್ಮ ತಾತನಿಗೆ ಕೆಲಸವಿತ್ತು, ಮನೆಯಿರಲಿಲ್ಲ; ಇಲ್ಲಿ ಮನೆಗಳುಂಟು, ಕೆಲಸವಿಲ್ಲ. ತಕ್ಕಡಿಯ ಎರಡು ತಟ್ಟೆಗಳಲ್ಲಿ ಯಾವುದು ಬರಿದಾದರೂ ಊರು ವಾಲುತ್ತದೆ. ಒಂದೇ ಕಾರ್ಖಾನೆಯನ್ನು ನಂಬಿದ ಊರಿಗೆ ಈ ಭಯ ತಪ್ಪಿದ್ದಲ್ಲ. ನಮ್ಮ ಹುಣಸೂರೇ ಇದನ್ನು ಹಿಂದೊಮ್ಮೆ ಅನುಭವಿಸಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಸೈನ್ಯಕ್ಕಾಗಿ ಚರ್ಮ ಹದಮಾಡುವ, ಕಂಬಳಿ ನೇಯುವ ಸರ್ಕಾರಿ ಕಾರ್ಖಾನೆಗಳಿದ್ದವು. 1864ರಲ್ಲಿ ಅವು ಮುಚ್ಚಿದವು. ಆದರೆ ಕಲಿತ ಕಸುಬು ಕೈಬಿಡಲಿಲ್ಲ. ಬೂಟು, ಚೀಲಗಳನ್ನು ಹೊಲಿದು, ಕಂಬಳಿ ನೇಯ್ದು ಊರಿನ ಜನ ಬಹುಕಾಲ ಬದುಕಿದರು. ಕಾರ್ಖಾನೆ ಹೋದರೂ ಕಸುಬು ಉಳಿದರೆ ಊರು ಉಳಿಯುತ್ತದೆ.

ಇಂದು ನಾನು ಪಾಠ ಹೇಳುವ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತ ಹುಡುಗರನ್ನು ನೋಡುತ್ತೇನೆ. ಹೊಗೆಸೊಪ್ಪು ಬೆಳೆಯುವ ಮನೆಗಳಿಂದ ಬಂದವರು, ರಾತ್ರಿಯೆಲ್ಲ ಬ್ಯಾರನ್ನಿನ ಬೆಂಕಿ ಕಾದು ಬೆಳಗ್ಗೆ ತೂಕಡಿಸುವವರು. ಪದವಿ ಮುಗಿದೊಡನೆ ಅವರಲ್ಲಿ ಅನೇಕರು ಮೈಸೂರಿನ ಅಂಚಿನ ಹೂಟಗಳ್ಳಿ, ಕೂರ್ಗಳ್ಳಿ, ಹೆಬ್ಬಾಳಗಳ ಕಾರ್ಖಾನೆಗಳಿಗೆ ಹೋಗುತ್ತಾರೆ. ಕಳೆದ ವರ್ಷ ಹಾಗೆ ಹೋದ ಒಬ್ಬ ಶಿಷ್ಯ ಈಚೆಗೆ ಸಿಕ್ಕಿದ್ದ. ನಗರದಲ್ಲಿ ಕೋಣೆ ಹಿಡಿದರೆ ಸಂಬಳದ ದೊಡ್ಡ ಪಾಲು ಬಾಡಿಗೆಗೇ ಸಲ್ಲುತ್ತದೆಂದು, ನಸುಕಿನಲ್ಲೇ ಎದ್ದು ಹುಣಸೂರಿನ ಬಸ್ಸು ಹಿಡಿಯುತ್ತಾನೆ. ರಾತ್ರಿ ಮನೆ ಸೇರುವಾಗ ತಾಯಿ ಮಲಗಿರುತ್ತಾಳೆ. ಊರಿನಲ್ಲೇ ಇದ್ದೂ ಊರಿನವನಾಗಿಲ್ಲವೆಂಬುದು ಅವನ ಕೊರಗು. ನನಗೆ ತಾತನ ಚಾಪೆ ನೆನಪಾಯಿತು. ಎಂಬತ್ತು ವರ್ಷಗಳಲ್ಲಿ ಚಾಪೆಯ ಬದಲು ಬಸ್ಸಿನ ಆಸನ ಬಂದಿದೆ, ಅಷ್ಟೇ.

ನೆರೆಯ ಕೃಷ್ಣರಾಜನಗರವನ್ನು ನೋಡಿದಾಗಲೆಲ್ಲ ನನಗೆ ಒಂದು ಸಮಾಧಾನವೂ ಒಂದು ಕೊರತೆಯೂ ತೋರುತ್ತವೆ. ಕಾವೇರಿಯ 1924ರ ಮಹಾಪೂರಕ್ಕೆ ಎಡತೊರೆ ತುತ್ತಾದ ಮೇಲೆ, ಎತ್ತರದ ನೆಲದಲ್ಲಿ ನೇರವಾದ ಅಗಲ ಬೀದಿಗಳೊಡನೆ ಆ ಹೊಸ ಊರನ್ನು ಕಟ್ಟಿದರು. ಜನ ಬರುವ ಮುನ್ನವೇ ಬೀದಿಯನ್ನು ಯೋಚಿಸಬಲ್ಲವರು ನಮ್ಮಲ್ಲಿದ್ದರು. ಮಂಡ್ಯದಲ್ಲಿ ಜನರಿದ್ದ ಕಡೆಗೆ ಕೆಲಸವನ್ನು ಒಯ್ಯಬಲ್ಲವರೂ ಇದ್ದರು. ಈ ಎರಡು ಬುದ್ಧಿಗಳು ಒಂದೇ ಮೇಜಿನ ಮುಂದೆ, ಒಂದೇ ಹೊತ್ತಿನಲ್ಲಿ ಕುಳಿತದ್ದು ಅಪರೂಪ. ಕಾರ್ಖಾನೆಗೆ ನೆಲ ಮಂಜೂರು ಮಾಡುವ ದಿನವೇ ಮನೆಗೂ ನೆಲ ಗುರುತಾಗಬೇಕು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಂತಹ ಊರುಗಳಿಗೂ ಕೆಲಸದ ಒಂದು ಪಾಲು ಬರಬೇಕು. ಮಿರ್ಜಾ ಸಾಹೇಬರ ಹದಿನೈದು ವರ್ಷಗಳಿಂದ ನಾನು ಕಲಿತದ್ದು ಇದು. ಅವರು ಮಾಡಿದ್ದರಿಂದ ಅರ್ಧ ಕಲಿತೆ, ಮಾಡದೆ ಬಿಟ್ಟದ್ದರಿಂದ ಅರ್ಧ.

ತಾತನವರು ಕೊನೆಯವರೆಗೂ ಬೆಂಗಳೂರಿಗೆ ಮತ್ತೆ ಹೋಗಲಿಲ್ಲ. ಕಾರ್ಖಾನೆಯಿಂದ ತಂದಿದ್ದ ಒಂದು ಹಿತ್ತಾಳೆಯ ಬಿಲ್ಲೆಯನ್ನು, ಅವರ ಹಾಜರಿಯ ಸಂಖ್ಯೆ ಕೊರೆದದ್ದು, ಅಜ್ಜಿ ದೇವರ ಗೂಡಿನ ಪಕ್ಕದಲ್ಲಿ ಇಟ್ಟಿದ್ದರು. ಈಗ ಅದು ನನ್ನ ಮೇಜಿನ ಮೇಲಿದೆ. ಒಬ್ಬ ಮನುಷ್ಯ ಕೆಲಸಕ್ಕೆ ಬಂದದ್ದನ್ನು ಅದು ಬಲ್ಲದು. ಪಾಳಿ ಮುಗಿದ ಮೇಲೆ ಅವನು ಎಲ್ಲಿಗೆ ಹೋದನೆಂಬುದನ್ನು ಅದರ ಮೇಲೆ ಯಾರೂ ಬರೆದಿಲ್ಲ.